ಎಷ್ಟು ಯೂನಿಟ್ಟಿಗೆ ಎಷ್ಟು ಏಟು?

ಕಳೆದ ತಿಂಗಳು ಹಲಸೂರಿನಲ್ಲಿ ನಮ್ಮ ಸ್ವಸಹಾಯ ಸಂಘಗಳ ಸಭೆ ನಡೆಯಿತು. ಮರ್ಫಿ ಟೌನ್, ಜೋಗುಪಾಳ್ಯದ ಕಡೆಯಿಂದ ಐವತ್ತಕ್ಕೂ ಹೆಚ್ಚು ಹೆಂಗಸರು ಬಂದಿದ್ದರು. ಉಳಿತಾಯದ ಪುಸ್ತಕಕ್ಕೆ ಸಹಿ, ಸಾಲದ ಕಂತಿನ ಲೆಕ್ಕ ಎಲ್ಲ ಮುಗಿದ ಮೇಲೆ ಒಬ್ಬ ಡಾಕ್ಟರು ಮಾತಾಡಿದರು. ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯ ಮನಸ್ಸಿನವರು. ಬಣ್ಣದ ಕರಪತ್ರ ತಂದಿದ್ದರು. ಅದರಲ್ಲಿ ಲೋಟ, ಪೆಗ್ಗು, ಬಾಟಲಿಗಳ ಚಿತ್ರ. ಪ್ರತಿಯೊಂದರ ಕೆಳಗೆ ಇಷ್ಟು ಯೂನಿಟ್ ಎಂಬ ಅಂಕಿ. "ಪೂರ್ತಿ ಬಿಡಿ ಅಂದರೆ ಗಂಡಸರು ಕೇಳೋದಿಲ್ಲ. ಮಿತವಾಗಿ ಕುಡಿಯೋಕೆ ಹೇಳಿ. ಯೂನಿಟ್ ಲೆಕ್ಕ ಇಟ್ಟುಕೊಂಡರೆ ಅಪಾಯ ಕಡಿಮೆ" ಎಂದರು.

ಹಿಂದಿನ ಸಾಲಿನಲ್ಲಿ ಹೂ ಮಾರುವ ಒಬ್ಬ ಹೆಂಗಸು ಎದ್ದು ನಿಂತರು. "ಡಾಕ್ಟ್ರೇ, ನೀವು ಹೇಳಿದ್ದೆಲ್ಲಾ ಸರಿ. ಎಷ್ಟು ಯೂನಿಟ್ಟಿನವರೆಗೆ ಹೊಡೆಯೋದಿಲ್ಲ, ಅದನ್ನೊಂದು ಹೇಳಿಬಿಡಿ."

ಮೊದಲು ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಡಾಕ್ಟರು ಕರಪತ್ರ ತಿರುಗಿಸಿ ನೋಡಿದರು. "ಅದಕ್ಕೆ ನನ್ನ ಹತ್ತಿರ ಪಟ್ಟಿ ಇಲ್ಲಮ್ಮ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು. ಅಳತೆಯೆಂದರೆ ಏನು, ಅದು ಏನನ್ನು ಅಳೆಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನೇ ಮೂವತ್ತು ವರ್ಷಗಳ ಕಾಲ ಕರಿಹಲಗೆಯ ಮೇಲೆ ಬರೆದವಳು. ಆ ತಾಯಿಯ ಪ್ರಶ್ನೆ ನನ್ನ ಇಡೀ ಪಾಠವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿತು. ಈ ಬರಹ ಆ ಪ್ರಶ್ನೆಗೆ ನನ್ನ ಉತ್ತರ.

ಮೊದಲು ಲೆಕ್ಕ ಕಲಿಯೋಣ

ಗೆಳತಿಯರೇ, ಯೂನಿಟ್ ಲೆಕ್ಕ ಸುಳ್ಳಲ್ಲ. ಅದನ್ನು ತಿಳಿಯುವುದು ನಮಗೆ ಒಳ್ಳೆಯದೇ. ತಿಳಿಯದಿದ್ದರೆ "ಸ್ವಲ್ಪ ತಗೊಂಡಿದ್ದೀನಿ ಅಷ್ಟೆ" ಎನ್ನುವವನ 'ಸ್ವಲ್ಪ' ಎಷ್ಟು ಎಂದು ಗೊತ್ತಾಗುವುದೇ ಇಲ್ಲ.

ವಿಸ್ಕಿ, ರಮ್ಮು, ಬ್ರಾಂದಿ, ಬಿಯರು ಎಲ್ಲದರಲ್ಲೂ ಅಮಲು ತರುವುದು ಒಂದೇ ವಸ್ತು, ಆಲ್ಕೊಹಾಲ್. ಉಳಿದದ್ದು ನೀರು, ಬಣ್ಣ, ವಾಸನೆ. ನೂರು ಭಾಗದಲ್ಲಿ ಆಲ್ಕೊಹಾಲ್ ಎಷ್ಟು ಭಾಗ ಎಂದು ಬಾಟಲಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಮ್ಮ ಬೀದಿಯ ವೈನ್ ಶಾಪಿನಲ್ಲಿ ಸಿಗುವ ರಮ್ಮು, ವಿಸ್ಕಿಯ ಮೇಲೆ ಸಾಮಾನ್ಯವಾಗಿ 42.8 ಎಂದಿರುತ್ತದೆ. ಬ್ರಿಟನ್ನಿನ ಲೆಕ್ಕದಲ್ಲಿ 10 ಮಿಲಿಲೀಟರ್ ಶುದ್ಧ ಆಲ್ಕೊಹಾಲ್ ಒಂದು ಯೂನಿಟ್. ತೂಕದಲ್ಲಿ ಅದು 8 ಗ್ರಾಂ. ನಮ್ಮ ದೇಶದ ವೈದ್ಯರು ಸಾಮಾನ್ಯವಾಗಿ 10 ಗ್ರಾಂ ಅನ್ನು ಒಂದು ಅಳತೆಯಾಗಿ ಹಿಡಿಯುತ್ತಾರೆ. 30 ಮಿಲಿಯ ಒಂದು ಸಣ್ಣ ಪೆಗ್ಗಿನಲ್ಲಿ ಹತ್ತಿರ ಹತ್ತಿರ ಅಷ್ಟೇ ಇರುತ್ತದೆ.

ಲೆಕ್ಕ ಮಾಡುವ ಉಪಾಯ ಸುಲಭ. ಬಾಟಲಿಯ ಮಿಲಿಲೀಟರನ್ನು ಆ ಶೇಕಡಾ ಅಂಕಿಯಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಬಂದದ್ದು ಬ್ರಿಟನ್ನಿನ ಯೂನಿಟ್. ಒಂದು ಕ್ವಾರ್ಟರ್ ಎಂದರೆ 180 ಮಿಲಿ. 180ನ್ನು 42.8ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 7.7. ಒಂದು ಕ್ವಾರ್ಟರಿನಲ್ಲಿ 7.7 ಯೂನಿಟ್. ನಮ್ಮವರ ಅಳತೆಯಲ್ಲಿ ಆರು ಸಣ್ಣ ಪೆಗ್ಗು. ರಟ್ಟಿನ ಪೊಟ್ಟಣದ 'ನೈಂಟಿ'ಯಲ್ಲಿ ಅದರ ಅರ್ಧ. "ಬಿಯರು ಕುಡಿದರೆ ಕುಡಿದ ಹಾಗಲ್ಲ" ಎಂಬ ಮಾತು ಕೇಳಿದ್ದೀರಿ. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 5.2 ಯೂನಿಟ್ ಇದೆ, ಎಂದರೆ ನಾಲ್ಕು ಪೆಗ್ಗು ರಮ್ಮು.

ಈಗ 'ಮಿತಿ'ಗೆ ಬರೋಣ. ಬ್ರಿಟನ್ನಿನ ವೈದ್ಯರು 1987ರಲ್ಲಿ ಗಂಡಸರಿಗೆ ವಾರಕ್ಕೆ 21, ಹೆಂಗಸರಿಗೆ 14 ಯೂನಿಟ್ ಎಂದು ಹೇಳಿದ್ದರು. 2016ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯಾಧಿಕಾರಿಗಳು ಇಬ್ಬರಿಗೂ 14 ಎಂದರು. ಅದನ್ನೂ ಒಂದೇ ದಿನ ಕುಡಿಯದೆ ಮೂರು ದಿನಕ್ಕಾದರೂ ಹಂಚಬೇಕು ಎಂದರು. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಇನ್ನೂ ಮುಂದೆ ಹೋಗಿ, ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಎಂಬುದೇ ಇಲ್ಲ ಎಂದಿತು. ಮದ್ಯ ಕ್ಯಾನ್ಸರ್‌ಕಾರಕ ಎಂದು ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿಗೆ ಸೇರಿಸಿತ್ತು. ಗೊತ್ತಾಯಿತಲ್ಲ, ತಿಳಿವಳಿಕೆ ಬೆಳೆದ ಹಾಗೆಲ್ಲ ಮಿತಿ ಕೆಳಗಿಳಿಯುತ್ತಲೇ ಬಂದಿದೆ.

ವಾರಕ್ಕೆ 14 ಯೂನಿಟ್ ಎಂದರೆ ಎರಡು ಕ್ವಾರ್ಟರ್ ಕೂಡ ಅಲ್ಲ. ದಿನಕ್ಕೊಂದು ಕ್ವಾರ್ಟರ್ ಕುಡಿಯುವವನು ವಾರಕ್ಕೆ ಸುಮಾರು 54 ಯೂನಿಟ್ ಕುಡಿಯುತ್ತಾನೆ, ಹತ್ತಿರ ಹತ್ತಿರ ನಾಲ್ಕು ಪಟ್ಟು. ದೇಹ ಒಂದು ಗಂಟೆಗೆ ಸುಮಾರು ಒಂದು ಯೂನಿಟ್ಟನ್ನು ಮಾತ್ರ ಅರಗಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗ್ಗೆ ಐದಕ್ಕೆ ಕೆ.ಆರ್. ಪುರ ಸ್ಟೇಷನ್ನಿನ ಮುಂದೆ ಆಟೋ ನಿಲ್ಲಿಸಿಕೊಂಡಿರುವಾಗಲೂ ಅವನ ರಕ್ತದಲ್ಲಿ ನಿನ್ನೆಯ ರಾತ್ರಿ ಇನ್ನೂ ಉಳಿದಿರುತ್ತದೆ. ಕುಡಿದು ಗಾಡಿ ಓಡಿಸುವವರಿಗೆ ಮೋಟಾರು ವಾಹನ ಕಾಯ್ದೆ ಇಟ್ಟಿರುವ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಆ ಯಂತ್ರಕ್ಕೆ ಬೆಳಗ್ಗೆಯೂ ಸುಳ್ಳು ಹೇಳಲಾಗುವುದಿಲ್ಲ.

ಇಷ್ಟನ್ನು ಕಲಿಯಿರಿ, ಮಕ್ಕಳಿಗೂ ಕಲಿಸಿ. ಆದರೆ ಈ ಅಳತೆ ಯಾವುದರ ಅಳತೆ ಎಂದು ಕೇಳದೆ ಇರಬೇಡಿ.

ಯಾರ ದೇಹದ ಅಳತೆ?

ಯೂನಿಟ್ ಅಳೆಯುವುದು ಕುಡಿಯುವವನ ಲಿವರನ್ನು, ಅವನ ರಕ್ತವನ್ನು, ಅವನ ಆಯುಸ್ಸನ್ನು. ಬಾಗಿಲ ಹಿಂದೆ ಕಿವಿಗೊಟ್ಟು ಮೆಟ್ಟಿಲ ಮೇಲಿನ ಹೆಜ್ಜೆಯ ಸದ್ದು ಇಂದು ನೆಟ್ಟಗಿದೆಯೋ ತೂರಾಡುತ್ತಿದೆಯೋ ಎಂದು ಆಲಿಸುವ ಹೆಂಗಸಿನ ಎದೆಬಡಿತವನ್ನು ಅದು ಅಳೆಯುವುದಿಲ್ಲ. ಅಪ್ಪ ಬರುವ ಮೊದಲೇ ನಿದ್ದೆ ಬಂದಂತೆ ನಟಿಸುವ ಮಗುವನ್ನು ಅಳೆಯುವುದಿಲ್ಲ. ಮನೆಯ ಅಳತೆಗೋಲೇ ಬೇರೆ.

ಆ ಅಳತೆಯನ್ನೂ ಒಮ್ಮೆ ಹಾಕಿ ನೋಡೋಣ. ಕ್ವಾರ್ಟರಿಗೆ 160 ರೂಪಾಯಿ ಎಂದು ಇಟ್ಟುಕೊಳ್ಳಿ. ನಿಮ್ಮ ಬೀದಿಯ ಬೆಲೆ ಬೇರೆಯಾದರೆ ಅದನ್ನೇ ಹಾಕಿ. ದಿನಕ್ಕೊಂದರಂತೆ ತಿಂಗಳಿಗೆ 4,800 ರೂಪಾಯಿ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ಕೊಡುವುದು ತಿಂಗಳಿಗೆ 2,000. ಒಂದು ಕೈಯಲ್ಲಿ ಬಂದ ಎರಡು ಸಾವಿರದ ಎರಡು ಪಟ್ಟಿಗಿಂತ ಹೆಚ್ಚು ಇನ್ನೊಂದು ಕೈಯಲ್ಲಿ ಬೀದಿಯ ಮೂಲೆಯ ಅಂಗಡಿಗೆ ಹೋಯಿತು. ಡಾಕ್ಟರ ಕರಪತ್ರದಂತೆ ಆತ 'ಮಿತ'ಕ್ಕೆ ಬಂದು ವಾರಕ್ಕೆ ಎರಡೇ ಕ್ವಾರ್ಟರಿಗೆ ನಿಂತರೂ ತಿಂಗಳಿಗೆ ಸುಮಾರು 1,400. ಸಂಘದಲ್ಲಿ ವಾರಕ್ಕೆ ನೂರು ರೂಪಾಯಿ ಕಟ್ಟಲು ತಡವಾದರೆ ನಾವು ನಮ್ಮ ಅಕ್ಕತಂಗಿಯರ ಮುಂದೆ ತಲೆ ತಗ್ಗಿಸುತ್ತೇವೆ. ಆ ಅಂಗಡಿಯ ಮುಂದೆ ತಲೆ ತಗ್ಗಿಸಿದ ಗಂಡಸನ್ನು ನಾನು ಕಂಡಿಲ್ಲ.

ಆದ್ದರಿಂದ ಮಿತಿಯೆಂದರೆ ಏನು ಎಂದು ನಿರ್ಧರಿಸುವ ಹಕ್ಕು ಕುಡಿಯುವವನೊಬ್ಬನದೇ ಅಲ್ಲ. ಮಗುವಿನ ಫೀಸು ಕಟ್ಟದೆ, ಬಾಡಿಗೆ ಬಾಕಿ ಉಳಿಸಿ ಕುಡಿದ ಒಂದೇ ಒಂದು ಪೆಗ್ಗು ಡಾಕ್ಟರ ಪಟ್ಟಿಯಲ್ಲಿ ಮಿತ. ನಮ್ಮ ಪಟ್ಟಿಯಲ್ಲಿ ಅದು ಅತಿ.

ಹೊಡೆಯುವುದು ಬಾಟಲಿಯಲ್ಲ

ಈಗ ಆ ಹೂವಿನ ತಾಯಿಯ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಇಲ್ಲಿ ನಮ್ಮವರೇ ಹಲವರಿಗೆ ಹಿಡಿಸದ ಮಾತು ಹೇಳಬೇಕಾಗಿದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಹೆಂಗಸರನ್ನು ಈ ಬಗ್ಗೆ ಕೇಳಿತು. ಗಂಡ ಪದೇ ಪದೇ ಕುಡಿದು ಅಮಲೇರುತ್ತಾನೆ ಎಂದವರಲ್ಲಿ 100ಕ್ಕೆ 70 ಮಂದಿ ಅವನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದರು. ಗಂಡ ಕುಡಿಯುವುದೇ ಇಲ್ಲ ಎಂದವರಲ್ಲಿ 100ಕ್ಕೆ 23. ಮೊದಲ ಅಂಕಿಯನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಯಾರೂ ಹೇಳುವುದಿಲ್ಲ. ಒಂದು ತೊಟ್ಟೂ ಮುಟ್ಟದ ಗಂಡಂದಿರಲ್ಲೂ ನಾಲ್ವರಲ್ಲಿ ಸುಮಾರು ಒಬ್ಬ ಕೈ ಎತ್ತುತ್ತಾನೆ. ಸೊನ್ನೆ ಯೂನಿಟ್ಟಿಗೂ ಏಟು ಬೀಳುತ್ತದೆ.

ನಮ್ಮ ರಾಜ್ಯದ ಅಂಕಿ ಇನ್ನೂ ಕಣ್ಣು ತೆರೆಸುವಂಥದ್ದು. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕುಡಿಯುತ್ತೇವೆಂದು ಹೇಳಿಕೊಂಡ ಗಂಡಸರು ಆರು ಜನರಲ್ಲಿ ಸುಮಾರು ಒಬ್ಬ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರು 100ಕ್ಕೆ 44. ಗಂಡಸರು ಕುಡಿತವನ್ನು ಮುಚ್ಚಿಟ್ಟು ಉತ್ತರ ಹೇಳಿದ್ದಾರೆ ಎಂದೇ ಇಟ್ಟುಕೊಳ್ಳೋಣ, ಸ್ವಲ್ಪ ಕೂಡಿಸಿಕೊಳ್ಳೋಣ. ಆದರೂ ಈ ಎರಡು ಅಂಕಿಗಳ ನಡುವಿನ ಅಂತರವನ್ನು ಯಾವ ಬಾಟಲಿಯೂ ತುಂಬಲಾರದು. ಅದನ್ನು ತುಂಬಿರುವುದು ಹೆಂಡತಿಯೆಂದರೆ ತನ್ನ ಸೊತ್ತು, ಅವಳನ್ನು ಹೊಡೆಯುವುದು ತನ್ನ ಹಕ್ಕು ಎಂದು ಗಂಡಿಗೆ ತೊಟ್ಟಿಲಿನಿಂದಲೇ ಕಲಿಸುವ ಈ ವ್ಯವಸ್ಥೆ.

ಕುಡಿತ ಬೆಂಕಿಗೆ ಎಣ್ಣೆ ಸುರಿಯುತ್ತದೆ, ನಿಜ. ನಮ್ಮ ಜನ ಹೆಂಡವನ್ನು 'ಎಣ್ಣೆ' ಎನ್ನುವುದೂ ಸರಿಯಾಗಿಯೇ ಇದೆ. ಆದರೆ ಬೆಂಕಿ ಎಣ್ಣೆಯಿಂದ ಹುಟ್ಟುವುದಿಲ್ಲ.

ನೀವೇ ಯೋಚಿಸಿ. ಬಾರಿನಲ್ಲಿ ಕ್ಯಾಷಿಯರಿಗೆ ಚಿಲ್ಲರೆ ಎಣಿಸಿ ಕೊಟ್ಟವನು, ದಾರಿಯಲ್ಲಿ ಪೊಲೀಸಿನವನ ಎದುರು "ಸಾರ್, ಸಾರ್" ಎಂದು ಕೈ ಮುಗಿದವನು, ಮನೆ ಓನರ್ ಕಂಡೊಡನೆ ಲುಂಗಿ ಕೆಳಗಿಳಿಸಿದವನು ತನ್ನ ಮನೆ ಬಾಗಿಲು ದಾಟಿದ ತಕ್ಷಣ ಮೈಮೇಲೆ ಪ್ರಜ್ಞೆ ಕಳೆದುಕೊಳ್ಳುತ್ತಾನೆಯೇ? ಬೀದಿಯ ಎಲ್ಲ ಬಾಗಿಲುಗಳಲ್ಲಿ ತನ್ನ ಬಾಗಿಲು ಯಾವುದೆಂದು ಗುರುತು ಹಿಡಿಯುವಷ್ಟು ಎಚ್ಚರ ಅವನಿಗಿದೆ. ಯಾರನ್ನು ಹೊಡೆದರೆ ತಿರುಗಿ ಹೊಡೆತ ಬೀಳುವುದಿಲ್ಲವೆಂಬ ಎಚ್ಚರವೂ ಇದೆ. ಇದಕ್ಕೆ ಅಮಲು ಎಂದು ಹೆಸರಿಟ್ಟವರು ಯಾರು?

ಬೆಳಗಾದರೆ "ಕುಡಿದಿದ್ದೆ, ಗೊತ್ತಾಗಲಿಲ್ಲ ಕಣೇ" ಎನ್ನುತ್ತಾನೆ. ಅತ್ತೆ "ಹೊಟ್ಟೆಗೆ ಹೋದದ್ದು ಮಾತಾಡಿಸಿತು, ನನ್ನ ಮಗ ಅಂಥವನಲ್ಲ" ಎನ್ನುತ್ತಾರೆ. ಠಾಣೆಯಲ್ಲಿ "ಕುಡಿದ ಮತ್ತಿನಲ್ಲಿ ಆದದ್ದಮ್ಮ, ಅಡ್ಜಸ್ಟ್ ಮಾಡಿಕೊಳ್ಳಿ" ಎನ್ನುತ್ತಾರೆ. ನಾವೂ ಹೇಳಿಕೊಳ್ಳುತ್ತೇವೆ, "ಕುಡಿಯದೇ ಇದ್ದರೆ ನಮ್ಮ ಯಜಮಾನರು ದೇವರಂಥವರು." ಹೀಗೆ ಎಲ್ಲರೂ ಸೇರಿ ತಪ್ಪನ್ನು ಗಂಡನ ಕೈಯಿಂದ ಬಿಡಿಸಿ ಬಾಟಲಿಯ ಕೊರಳಿಗೆ ಕಟ್ಟುತ್ತೇವೆ. ಬಾಟಲಿಯ ಮೇಲೆ ಕೇಸು ಹಾಕಲಾದೀತೇ?

ಕಾನೂನು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. ಹಳೆಯ ದಂಡ ಸಂಹಿತೆಯ 85 ಮತ್ತು 86ನೇ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 23 ಮತ್ತು 24ನೇ ಕಲಮು ಹೇಳುವುದು ಇದನ್ನೇ: ಬೇರೆಯವರು ಗೊತ್ತಿಲ್ಲದಂತೆ ಅಥವಾ ಬಲವಂತವಾಗಿ ಕುಡಿಸಿದ್ದರೆ ಮಾತು ಬೇರೆ, ತಾನಾಗಿಯೇ ಕುಡಿದವನಿಗೆ ಅಮಲೆಂಬುದು ತಪ್ಪಿಸಿಕೊಳ್ಳುವ ದಾರಿಯಲ್ಲ. ನಾವು 498-ಎ ಎಂದು ಕರೆಯುತ್ತಿದ್ದ ಕ್ರೌರ್ಯದ ಕಲಮಿಗೆ ಈಗ ಹೊಸ ಸಂಹಿತೆಯಲ್ಲಿ 85 ಎಂಬ ಸಂಖ್ಯೆ. ನಂಬರು ಬದಲಾಗಿದೆ, ಹಕ್ಕು ಬದಲಾಗಿಲ್ಲ.

ಕೆಳಗಿನ ಬೀದಿ, ಮೇಲಿನ ಫ್ಲ್ಯಾಟು

ಕುಡಿತದ ಹಿಂಸೆ ಎಂದೊಡನೆ ಪತ್ರಿಕೆಗಳಲ್ಲಿ ಬರುವುದು ಸ್ಲಮ್ಮಿನ ಚಿತ್ರ, ಚರಂಡಿ ಬದಿಯಲ್ಲಿ ಬಿದ್ದ ಗಂಡಸು. ಜೋಗುಪಾಳ್ಯದಿಂದ ಇಂದಿರಾನಗರದ ಫ್ಲ್ಯಾಟುಗಳಿಗೆ ಮನೆಗೆಲಸಕ್ಕೆ ಹೋಗುವ ನಮ್ಮ ಸಂಘದ ಹೆಂಗಸರನ್ನು ಕೇಳಿ. ಎರಡೂ ಕಡೆಯ ಕಥೆ ಬಲ್ಲವರು ಅವರೇ. "ಅಮ್ಮ, ಸೋಮವಾರ ಸೋಮವಾರ ನಮ್ಮ ಮೇಡಂ ಮನೆಯೊಳಗೂ ಕಪ್ಪು ಕನ್ನಡಕ ಹಾಕ್ಕೊಂಡಿರ್ತಾರೆ" ಎಂದು ಒಬ್ಬಾಕೆ ನನಗೆ ಹೇಳಿದರು. ಭಾನುವಾರ ರಾತ್ರಿಯ ಪಾರ್ಟಿಯ ಲೋಟಗಳನ್ನು ತೊಳೆದವರು ಅವರೇ, ನೆಲದಲ್ಲಿ ಒಡೆದ ಗಾಜು ಗುಡಿಸಿದವರೂ ಅವರೇ.

ನೂರಡಿ ರಸ್ತೆಯ ಪಬ್ಬಿನಲ್ಲಿ ಸಾವಿರಾರು ರೂಪಾಯಿಗೆ ಕುಡಿದರೆ ಅದು 'ಸೋಷಿಯಲ್ ಡ್ರಿಂಕಿಂಗ್'. ಮರ್ಫಿ ಟೌನಿನ ಮೂಲೆಯಲ್ಲಿ ನೈಂಟಿ ಕುಡಿದರೆ ಅವನು 'ಕುಡುಕ'. ಆಲ್ಕೊಹಾಲಿನ ಅಣುವಿಗೆ ಈ ಭೇದ ಗೊತ್ತಿಲ್ಲ, ಕೆನ್ನೆಗೂ ಗೊತ್ತಿಲ್ಲ. ಇರುವ ವ್ಯತ್ಯಾಸವೆಂದರೆ, ವಠಾರದ ಗೋಡೆ ತೆಳ್ಳಗೆ, ಕೂಗು ಪಕ್ಕದ ಮನೆಗೆ ಕೇಳಿಸುತ್ತದೆ. ಫ್ಲ್ಯಾಟಿನ ಗೋಡೆ ದಪ್ಪ. ವಠಾರದಲ್ಲಿ ಬಿಡಿಸಲು ಒಬ್ಬ ಅಜ್ಜಿಯಾದರೂ ಬರುತ್ತಾಳೆ. ಹನ್ನೊಂದನೆಯ ಮಹಡಿಗೆ ಯಾರು ಬರುತ್ತಾರೆ? 'ಮಿತ' ಎಂಬ ಮಾತು ಅಲ್ಲಿ ಒಂದು ಪರದೆಯಂತೆ ಕೆಲಸ ಮಾಡುತ್ತದೆ.

ಈ ಪರದೆ ಮೊದಲು ಬೀಳುವುದು ಹೆಣ್ಣು ನೋಡುವ ದಿನವೇ. "ಹುಡುಗ ಬಂಗಾರ. ಫ್ರೆಂಡ್ಸ್ ಜೊತೆ ಅಪರೂಪಕ್ಕೆ ಸ್ವಲ್ಪ ತಗೋತಾನೆ, ಈಗಿನ ಕಾಲದಲ್ಲಿ ಯಾರು ತಗೊಳಲ್ಲ ಹೇಳಿ" ಎನ್ನುತ್ತಾರೆ ಮಧ್ಯಸ್ಥಿಕೆಯವರು. ಆ 'ಅಪರೂಪ' ಎಷ್ಟು, 'ಸ್ವಲ್ಪ' ಎಷ್ಟು ಎಂದು ಹೆಣ್ಣಿನ ತಂದೆ ಕೇಳುವುದಿಲ್ಲ. ಚಿನ್ನ ಎಷ್ಟು ಗ್ರಾಂ ಎಂದು ಗಂಡಿನವರು ಮಾತ್ರ ಚೆನ್ನಾಗಿ ಕೇಳುತ್ತಾರೆ. ಮದುವೆಯ ಹಿಂದಿನ ರಾತ್ರಿ ಹುಡುಗನ ಸ್ನೇಹಿತರಿಗೆ 'ಪಾರ್ಟಿ' ಕೊಡಬೇಕೆಂದು ಹೆಣ್ಣಿನ ಕಡೆಯವರಿಂದ ಬಾಟಲಿಯ ಪೆಟ್ಟಿಗೆಗಳನ್ನು ತರಿಸುವ ಹೊಸ ಸಂಪ್ರದಾಯವೂ ಶುರುವಾಗಿದೆ. ಕೇಳಿ ತರಿಸಿಕೊಂಡದ್ದು ಚಿನ್ನವಾದರೇನು, ರಮ್ಮಾದರೇನು? ನನ್ನ ಭಾಷೆಯಲ್ಲಿ ಅದೂ ವರದಕ್ಷಿಣೆಯೇ. ಅಪ್ಪ ಸಾಲ ಮಾಡಿ ತಂದ ಬಾಟಲಿಯಿಂದಲೇ ಮಗಳ ಸಂಸಾರ ಆರಂಭವಾಗುತ್ತದೆ. ವರ್ಷ ತಿರುಗುವುದರೊಳಗೆ ಅವಳ ಬಳೆ ಗಿರವಿ ಅಂಗಡಿ ಸೇರುತ್ತದೆ, ಆಮೇಲೆ "ತವರಿಂದ ಇನ್ನಷ್ಟು ತಾ" ಎಂಬ ಮಾತು ಬರುತ್ತದೆ. ಸ್ತ್ರೀಧನವನ್ನು ಹೀಗೆ ಕಿತ್ತುಕೊಳ್ಳುವುದು, ಮನೆಖರ್ಚಿಗೆ ಕೊಡದಿರುವುದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ 'ಆರ್ಥಿಕ ದೌರ್ಜನ್ಯ'. ಒಂದು ಏಟೂ ಬೀಳದಿದ್ದರೂ ಆ ಕಾಯ್ದೆಯಡಿ ದೂರು ಕೊಡಬಹುದು.

ಸುರಿದು ಕೊಡುವವರು 'ಮಿತ' ಎಂದರೆ

ಅಳೆದು ಕುಡಿಸುವ ಪದ್ಧತಿ ನಮ್ಮ ಕಂಟೋನ್ಮೆಂಟಿಗೆ ಹೊಸದಲ್ಲ. 1809ರಲ್ಲಿ ಇಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೇನೆಯ ಕಾಲದಿಂದಲೂ ಈ ಬೀದಿಗಳಿಗೆ ಸಾರಾಯಿ, ರಮ್ಮಿನ ನಂಟಿದೆ. ಅಂದಿನಿಂದ ಇಂದಿನವರೆಗೂ ಸರ್ಕಾರ ಒಂದು ಕೈಯಲ್ಲಿ ಅಳತೆಲೋಟ ಹಿಡಿದು ಇನ್ನೊಂದು ಕೈಯಲ್ಲಿ ತೆರಿಗೆ ಎಣಿಸುತ್ತಲೇ ಬಂದಿದೆ.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತಾಗ ನಾನಿನ್ನೂ ವಿದ್ಯಾರ್ಥಿನಿ. ಸತ್ತವರ ಸಂಖ್ಯೆ ಪತ್ರಿಕೆಯಲ್ಲಿ ಬಂತು, ವಿಧವೆಯರ ಸಂಖ್ಯೆಯನ್ನು ಯಾರೂ ಬರೆಯಲಿಲ್ಲ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಅಕ್ಷರ ಕಲಿತ ಹೆಂಗಸರು ಸಾರಾಯಿ ಅಂಗಡಿಗೆ ಬೀಗ ಹಾಕಿಸಿದರು. ಮುಂದಿನ ವರ್ಷ ಆ ರಾಜ್ಯವೇ ಸಾರಾಯಿ ನಿಲ್ಲಿಸಿತು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಹೆಂಗಸರು ಸಂತೋಷಪಟ್ಟರು. ಆದರೆ ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ರಮ್ಮು, ವಿಸ್ಕಿ ಬಂತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ಮತ್ತೆ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. 2019ರ ಜನವರಿಯಲ್ಲಿ ಸಾವಿರಾರು ಬಡ ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಕಾಲಿನ ಬೊಬ್ಬೆ ತೋರಿಸಿದರು. ಸರ್ಕಾರ ಬೊಕ್ಕಸ ತೋರಿಸಿತು.

ಆ ಬೊಕ್ಕಸದ ಲೆಕ್ಕವೂ ನಮಗೆ ಗೊತ್ತಿರಲಿ. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. ಮಕ್ಕಳ ನೋಟ್‌ಬುಕ್ಕನ್ನೂ ಚಿಟ್ ಫಂಡನ್ನೂ ನಡೆಸುವ ಸರ್ಕಾರಿ ಸಂಸ್ಥೆ ಎಂ.ಎಸ್.ಐ.ಎಲ್. ಚಿಲ್ಲರೆ ಮದ್ಯದಂಗಡಿಗಳನ್ನೂ ನಡೆಸುತ್ತದೆ. 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಎಂದರೆ ಏನರ್ಥ? ಜನ ಮಿತವಾಗಿ ಕುಡಿದರೆ ಈ ಗುರಿ ಮುಟ್ಟುವುದುಂಟೇ? ಬಾಟಲಿಯ ಮೇಲೆ 'ಆರೋಗ್ಯಕ್ಕೆ ಹಾನಿಕರ' ಎಂದು ಅಚ್ಚು ಹಾಕಿಸಿ, ಅದೇ ಬಾಟಲಿ ಹೆಚ್ಚು ಮಾರಾಟವಾಗಲಿ ಎಂದು ಅಧಿಕಾರಿಗಳಿಗೆ ಲೆಕ್ಕ ಕೇಳುವ ಪ್ರಭುತ್ವದ ಬಾಯಲ್ಲಿ 'ಮಿತ' ಎಂಬ ಮಾತಿಗೆ ಬೆಲೆಯಿಲ್ಲ.

ಹಾಗಾದರೆ ಪೂರ್ತಿ ನಿಷೇಧ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಬಿಹಾರ 2016ರಲ್ಲಿ ನಿಷೇಧ ತಂದಿತು. 2022ರ ಡಿಸೆಂಬರಿನಲ್ಲಿ ಅಲ್ಲಿನ ಸಾರಣ ಜಿಲ್ಲೆಯಲ್ಲಿ ಹತ್ತಾರು ಜನ ವಿಷಮದ್ಯಕ್ಕೆ ಸತ್ತರು. ನಡೆದು ಬಂದ ಆ ಸೋದರಿಯರ ಜೊತೆ ನಾನಿದ್ದೇನೆ, ಬೀದಿಬೀದಿಗೆ ಅಂಗಡಿ ಬೇಡ ಎನ್ನುತ್ತೇನೆ. ಆದರೆ ಅಂಗಡಿ ಮುಚ್ಚಿದ ದಿನವೇ ಏಟು ನಿಲ್ಲುತ್ತದೆ ಎಂದು ನಿಮ್ಮನ್ನು ನಂಬಿಸಲಾರೆ. ಆ 23ರ ಅಂಕಿಯನ್ನು ಮರೆಯಬೇಡಿ.

ಇನ್ನೊಂದು ಮಾತು. ಇದು ಮಡಿ-ಮೈಲಿಗೆಯ ಮಾತಲ್ಲ. ಕಸ ಗುಡಿಸಿ, ಗಾರೆ ಹೊತ್ತು ಬಂದು ಮೈಕೈ ನೋವಿಗೆ ಕುಡಿಯುವ ಹೆಂಗಸರೂ ನಮ್ಮಲ್ಲಿದ್ದಾರೆ, ಆಫೀಸಿನಿಂದ ಬಂದು ಗೆಳತಿಯರೊಡನೆ ಕುಡಿಯುವವರೂ ಇದ್ದಾರೆ. ಹೆಣ್ಣಿನ ಮೈಯಲ್ಲಿ ನೀರಿನ ಅಂಶ ಕಡಿಮೆ, ಅದಕ್ಕೆ ಅಷ್ಟೇ ಕುಡಿದರೂ ಹೆಚ್ಚು ಏರುತ್ತದೆ. ಬಸುರಿಯರಂತೂ ಒಂದು ತೊಟ್ಟನ್ನೂ ಮುಟ್ಟಬಾರದು. ಇದನ್ನು ಅಕ್ಕನಂತೆ ಹೇಳುತ್ತೇನೆ, ನ್ಯಾಯಾಧೀಶಳಂತೆ ಅಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದವರು ಸಂಸ್ಕೃತಿಯ ಹೆಸರು ಹೇಳಿದರು. ಗಂಡು ಕುಡಿದು ಹೊಡೆದರೆ ಅಮಲು, ಹೆಣ್ಣು ಕುಡಿದರೆ ಅವಳನ್ನೇ ಹೊಡೆಯುವುದು ಸಂಸ್ಕೃತಿ! ಎರಡರಲ್ಲೂ ಏಟು ತಿಂದವಳು ಅವಳೇ.

ಸಂಘ ಮಾಡಬೇಕಾದದ್ದು

ಮಾತು ಸಾಕು, ಕೆಲಸಕ್ಕೆ ಬರೋಣ. ಒಂದು ತಿಂಗಳು ನಿಮ್ಮ ಉಳಿತಾಯದ ಪುಸ್ತಕದಲ್ಲಿ ಇನ್ನೊಂದು ಕಲಂ ಎಳೆಯಿರಿ: ಮನೆಯಿಂದ ಬಾಟಲಿಗೆ ಹೋದ ಹಣ. ಹೆಸರು ಬೇಡ, ಮೊತ್ತ ಸಾಕು. ತಿಂಗಳ ಕೊನೆಗೆ ಕೂಡಿಸಿ ಸಭೆಯಲ್ಲಿ ಓದಿ. ವಾರ್ಡಿನ ಪ್ರತಿನಿಧಿ ಬಂದಾಗ ಅವರ ಮುಂದೆಯೂ ಓದಿ.

ಸಂಘದಲ್ಲಿ ಗಂಡ-ಹೆಂಡಿರ ಪಂಚಾಯಿತಿ ನಡೆದರೆ 'ಕುಡಿದಿದ್ದ' ಎಂಬ ಮಾತನ್ನು ಕಾರಣವೆಂದು ಬರೆಯಬೇಡಿ. 'ಹೊಡೆದ' ಎಂದಷ್ಟೇ ಬರೆಯಿರಿ. ಇನ್ನು ಮುಂದೆ ಕುಡಿಯುವುದಿಲ್ಲ ಎಂಬ ಆಣೆಯನ್ನು ಪರಿಹಾರವೆಂದು ಒಪ್ಪಬೇಡಿ. ಕೈ ಎತ್ತುವುದಿಲ್ಲ ಎಂದು ಬರೆಸಿಕೊಳ್ಳಿ. ಎತ್ತಿದರೆ ಏನಾಗುತ್ತದೆ ಎಂದೂ ಬರೆಸಿಕೊಳ್ಳಿ. ಅಪಾಯದ ಹೊತ್ತಿನಲ್ಲಿ 112ಕ್ಕೆ, ಸಹಾಯಕ್ಕೆ 181ಕ್ಕೆ ಫೋನ್ ಮಾಡಿ. 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮೂಲಕ ಅವನು ಹೊಡೆಯದಂತೆ, ನಿಮ್ಮನ್ನು ಮನೆಯಿಂದ ಹೊರಹಾಕದಂತೆ, ಖರ್ಚಿಗೆ ಕೊಡುವಂತೆ ಮ್ಯಾಜಿಸ್ಟ್ರೇಟರ ಆದೇಶ ಪಡೆಯಬಹುದು.

ನಿಮ್ಮ ಬೀದಿಗೆ ಹೊಸ ಮದ್ಯದಂಗಡಿ ಬಂದರೆ ಟೇಪು ಹಿಡಿದು ಅಳೆಯಿರಿ. ಶಾಲೆ, ಆಸ್ಪತ್ರೆ, ದೇವಸ್ಥಾನ, ಮಸೀದಿ, ಚರ್ಚಿನಿಂದ 100 ಮೀಟರಿನೊಳಗೆ, ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿಯಲ್ಲಿ ಪರವಾನಗಿ ಕೊಡಬಾರದೆಂದು 1967ರ ಅಬಕಾರಿ ಪರವಾನಗಿ ನಿಯಮ ಹೇಳುತ್ತದೆ. ವ್ಯಾಪಾರಿ ಪ್ರದೇಶವೆಂಬ ವಿನಾಯಿತಿ ತೋರಿಸುತ್ತಾರೆ. ಅದು ನಿಜವೇ ಎಂದು ಬರಹದಲ್ಲಿ ಕೇಳಿ.

ಚಟ ಅಂಟಿಸಿಕೊಂಡವನು ರೋಗಿಯೂ ಹೌದು, ಅವನಿಗೆ ಚಿಕಿತ್ಸೆ ಬೇಕು. ವರ್ಷಗಟ್ಟಲೆ ದಿನವೂ ಕುಡಿದವನನ್ನು ಒಮ್ಮೆಲೇ ಬಿಡಿಸಿ ಮನೆಯಲ್ಲಿ ಕೂಡಿಹಾಕಬೇಡಿ. ನಡುಕ, ಫಿಟ್ಸು, ಭ್ರಮೆ ಬಂದು ಪ್ರಾಣಕ್ಕೇ ಎರವಾಗಬಹುದು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಅಲ್ಲಿಗೆ ಕರೆದೊಯ್ಯಿರಿ. "ಅವರಿಗೆ ಗೊತ್ತಾಗದ ಹಾಗೆ ಕಾಫಿಯಲ್ಲಿ ಹಾಕಿ" ಎಂದು ಮಾರುವ ಪುಡಿ, ಮಾತ್ರೆಗಳನ್ನು ಕೊಳ್ಳಬೇಡಿ. ಕೆಲವು ಔಷಧಿಗಳ ಮೇಲೆ ಕುಡಿದರೆ ಜೀವವೇ ಹೋಗಬಹುದು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕುಡಿತ ಬಿಟ್ಟವರ ಕೂಟಗಳಿಗೆ ಶುಲ್ಕವಿಲ್ಲ. ಆದರೆ ಒಂದನ್ನು ನೆನಪಿಡಿ. ಚಿಕಿತ್ಸೆ ಅವನ ಕುಡಿತಕ್ಕೆ. ಅವನ ಕೈಗೆ ಕಾನೂನು. ಅವನು ವಾಸಿಯಾಗುವವರೆಗೆ ಏಟು ತಿನ್ನುತ್ತಾ ಕಾಯುವುದು ಹೆಂಡತಿಯ ಕರ್ತವ್ಯವಲ್ಲ.

ಹೂವಿನ ತಾಯಿ, ನಿಮ್ಮ ಪ್ರಶ್ನೆಗೆ ಆ ದಿನ ಉತ್ತರ ಸಿಗಲಿಲ್ಲ. ಡಾಕ್ಟರ ಪಟ್ಟಿಯಲ್ಲಿ ಅದು ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ನಮ್ಮ ಸಂಘದ ಪಟ್ಟಿಯಲ್ಲಿ ನಾವೇ ಬರೆದುಕೊಳ್ಳೋಣ. ಕುಡಿತಕ್ಕೆ ಮಿತಿ ಎಷ್ಟೆಂದು ವೈದ್ಯರು ಚರ್ಚೆ ಮಾಡಲಿ, ಹದಿನಾಲ್ಕೋ ಸೊನ್ನೆಯೋ ತೀರ್ಮಾನಿಸಲಿ. ಏಟಿಗೆ ಮಿತಿ ಒಂದೇ. ಕುಡಿದರೂ ಸೊನ್ನೆ, ಕುಡಿಯದಿದ್ದರೂ ಸೊನ್ನೆ.